ಕೋಡಿಯ ಮೇಲಿನ ಕಲ್ಲು

ನಾನು ಬಾಲಕನಾಗಿದ್ದ ಕಾಲದಲ್ಲಿ, ತುಮಕೂರು ಸೀಮೆಯ ನಮ್ಮ ಊರಿನ ಕೆರೆಯ ಕೋಡಿಯಲ್ಲಿ ಒಂದು ಕಲ್ಲಿನ ವಿಷಯವಾಗಿ ಎರಡು ಹಳ್ಳಿಗಳವರು ವರ್ಷವರ್ಷವೂ ತಪ್ಪದೆ ಜಗಳವಾಡುತ್ತಿದ್ದುದುಂಟು. ಕಲ್ಲೇನೂ ಮಹತ್ತಾದುದಲ್ಲ; ಉದ್ದ ಒಂದಾಳು, ಎತ್ತರ ಒಂದು ಗೇಣು, ನಾಲ್ವರು ಹಿಡಿದು ಎತ್ತಲೆಂದು ಎರಡು ತುದಿಗಳಲ್ಲಿಯೂ ಕೈಗುಳಿ ಕೊರೆದದ್ದು. ಕೋಡಿಯನ್ನು ಕಟ್ಟಿದವರು ನಡುವೆ ಬಿಟ್ಟಿದ್ದ ಕಂಡಿಗೆ ಅದನ್ನು ಅಡ್ಡಲಾಗಿ ಕೂರಿಸಿ, ಎಡೆಗಳಿಗೆ ಹುಲ್ಲುಹೆಂಟೆ ಮೆತ್ತಿದರೆ, ಕೆರೆಯಲ್ಲಿ ಒಂದು ಗೇಣು ನೀರು ಹೆಚ್ಚಾಗಿ ನಿಲ್ಲುತ್ತಿತ್ತು. ಏರಿಯ ಕೆಳಗಿನ ಅಚ್ಚುಕಟ್ಟಿನವರಿಗೆ ಆ ಗೇಣು ನೀರೆಂದರೆ ಬೇಸಿಗೆಯ ಪೈರಿಗೆ ಹದಿನೈದು ದಿನಗಳ ಹೆಚ್ಚಿನ ಆಯುಸ್ಸು. ಹಿನ್ನೀರಿನ ಹೊಲದವರಿಗೆ ಅದೇ ಗೇಣು ನೀರೆಂದರೆ ಮುಳುಗಿ ಕೊಳೆತ ರಾಗಿ. ಒಂದು ಗೇಣಿಗೆ ಇಷ್ಟು ರಂಪವೇಕೆಂದು ಪಟ್ಟಣದಿಂದ ಬಂದ ನೆಂಟರು ನಗುತ್ತಿದ್ದರು. ಲೆಕ್ಕ ಹಾಕಿದರೆ ನಗು ನಿಲ್ಲುತ್ತದೆ. 400 ಅಡಿ ನಡೆದರೆ 1 ಅಡಿ ಮಾತ್ರ ಇಳಿಯುವಷ್ಟು ಮಟ್ಟಸವಾದ ಕೆರೆಯಂಗಳದಲ್ಲಿ ನೀರು 9 ಅಂಗುಲ ಏರಿದರೆ, ಅದರ ಅಂಚು 300 ಅಡಿ ಹಿಂದಕ್ಕೆ ಸರಿಯುತ್ತದೆ. ಸರಿದ ಆ 300 ಅಡಿಯ ಪಟ್ಟಿಯಲ್ಲಿ ರಾಗಿಯು ಸತ್ತು ಆಪು ಹುಟ್ಟುತ್ತದೆ, ಗೊರವಂಕಗಳು ಹಾರಿಹೋಗಿ ಕೊಕ್ಕರೆಗಳು ಬಂದು ನಿಲ್ಲುತ್ತವೆ.

ಇಂದು ವಿದ್ವಾಂಸರು ಜೌಗು ಪ್ರದೇಶವೆಂದೂ ತೇವಭೂಮಿಯೆಂದೂ ಬಗೆಬಗೆಯಾಗಿ ಕರೆಯುವ ನೆಲವೆಲ್ಲವೂ ಈ ಗೇಣಿನ ಲೆಕ್ಕಕ್ಕೆ ಒಳಪಟ್ಟದ್ದು. (ನಮ್ಮ ಕಂದಾಯದ ಕಡತಗಳಲ್ಲಿ ‘ತರಿ’ ಎಂಬ ಚೆಂದದ ಮಾತು ಮೊದಲೇ ಇತ್ತು, ಅದನ್ನು ಗದ್ದೆಗೆ ಬರೆದುಕೊಟ್ಟಿದ್ದರಿಂದ ಹೊಸ ಶಾಸ್ತ್ರಕ್ಕೆ ಹೊಸ ಹೆಸರನ್ನು ಹೊಸೆಯಬೇಕಾಗಿ ಬಂತು.) 1971ರ ಫೆಬ್ರವರಿ 2ರಂದು, ಇರಾನ್ ದೇಶದ ಕ್ಯಾಸ್ಪಿಯನ್ ತೀರದಲ್ಲಿರುವ ರಾಮ್ಸರ್ ಎಂಬ ಪಟ್ಟಣದಲ್ಲಿ ಹಲವು ರಾಷ್ಟ್ರಗಳು ಕೂಡಿ ಮಾಡಿಕೊಂಡ, 1982ರಲ್ಲಿ ಭಾರತವೂ ಸೇರಿದ ಒಪ್ಪಂದವು ಇಂಥ ನೆಲದ ಲಕ್ಷಣವನ್ನು ಹೇಳುವಾಗ, ನೀರು ಸಿಹಿಯೋ ಉಪ್ಪೋ, ನಿಂತದ್ದೋ ಹರಿಯುವುದೋ, ಸಹಜವೋ ಮಾನವಕೃತವೋ ಎಂಬ ಭೇದವನ್ನೆಣಿಸದೆ, ಅದು ಶಾಶ್ವತವಾದರೂ ಸರಿ, ತಾತ್ಕಾಲಿಕವಾದರೂ ಸರಿ ಎಂದು ವಿಧಿಸಿದೆ. ಈ ‘ತಾತ್ಕಾಲಿಕ’ವೆಂಬ ಮಾತನ್ನು ಓದುವಾಗ ನಮ್ಮ ಆಡಳಿತಗಾರರ ಕಣ್ಣು ಜಾರಿಬಿಡುತ್ತದೆಯೆಂದು ತೋರುತ್ತದೆ. ಕೆರೆ ತುಂಬಿತೆಂದರೆ ಮಂತ್ರಿಗಳಾದಿಯಾಗಿ ಬಂದು ಬಾಗಿನ ಬಿಡುತ್ತಾರೆ. ಬತ್ತಿತೆಂದರೆ ಅದು ಯಾರದೋ ಅಪರಾಧವೆಂಬಂತೆ ಮುಖ ತಿರುಗಿಸುತ್ತಾರೆ.

ಜೌಗುನೆಲದ ಆದಾಯವ್ಯಯವನ್ನು ಬರೆಯುವುದು ಕಷ್ಟವಲ್ಲ. ಮಳೆ, ಹಳ್ಳ, ನೆಲದೊಳಗಿನ ಒರತೆ, ಇವು ಜಮೆ. ಆವಿ, ಗಿಡಗಳ ಉಸಿರು, ಇಂಗುವಿಕೆ, ಕೋಡಿ, ಇವು ಖರ್ಚು. ಆದರೆ ವರ್ಷಾಂತ್ಯದಲ್ಲಿ ಜಮೆಖರ್ಚುಗಳೆರಡೂ ಅಂಗುಲ ತಪ್ಪದೆ ಸಮನಾಗಿರುವ ಎರಡು ಕೆರೆಗಳಲ್ಲಿ, ಒಂದು ಹಕ್ಕಿಪಕ್ಷಿಗಳಿಂದ ಕಿಕ್ಕಿರಿದಿರಬಹುದು, ಇನ್ನೊಂದು ಹಸಿರು ಕಳೆಯಿಂದ ಮುಚ್ಚಿಹೋಗಿರಬಹುದು. ಲೆಕ್ಕದ ಮೊತ್ತದಲ್ಲಿ ಕಾಣದ ಭೇದವು ಲೆಕ್ಕದ ತಾರೀಖುಗಳಲ್ಲಿದೆ. ನೀರು ಯಾವ ತಿಂಗಳು ಏರಿತು, ಎಷ್ಟು ಆಳಕ್ಕೆ ನಿಂತಿತು, ಎಷ್ಟು ದಿನ ನಿಂತಿತು, ಇಳಿಯುವಾಗ ಮೆಲ್ಲನೆ ಇಳಿಯಿತೋ ಒಮ್ಮೆಗೇ ಜಾರಿಹೋಯಿತೋ, ವರ್ಷದಲ್ಲಿ ಒಮ್ಮೆಯಾದರೂ ತಳವು ಬಿಸಿಲನ್ನು ಕಂಡಿತೋ ಇಲ್ಲವೋ, ಈ ನಾಲ್ಕೈದು ಪ್ರಶ್ನೆಗಳ ಉತ್ತರದಿಂದಲೇ ಅಲ್ಲಿ ಏನು ಬೆಳೆಯಬೇಕು, ಯಾರು ಬದುಕಬೇಕು ಎಂಬುದು ನಿರ್ಣಯವಾಗುತ್ತದೆ.

ಇದಕ್ಕೆ ಕಾರಣವು ಕೆಸರಿನಲ್ಲಿದೆ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುವ ಆಮ್ಲಜನಕವು, ಮಣ್ಣು ಮುಳುಗಿದ ಕೆಲವೇ ದಿನಗಳಲ್ಲಿ ಅದರ ಒಡಲೊಳಗೆ ತೀರಿಹೋಗುತ್ತದೆ. ಆಗ ಅಲ್ಲಿನ ಸೂಕ್ಷ್ಮಜೀವಿಗಳು, ಅಕ್ಕಿ ತೀರಿದ ಮನೆಯವರು ರಾಗಿಗೂ ರಾಗಿ ತೀರಿದ ಮೇಲೆ ಗೆಡ್ಡೆಗೆಣಸಿಗೂ ಇಳಿಯುವಂತೆ, ಮೊದಲು ನೈಟ್ರೇಟನ್ನೂ, ಅನಂತರ ಮ್ಯಾಂಗನೀಸನ್ನೂ ಕಬ್ಬಿಣವನ್ನೂ, ಅದರ ಮೇಲೆ ಗಂಧಕದ ಲವಣಗಳನ್ನೂ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಘಟ್ಟದಲ್ಲಿ. ಎಲ್ಲವೂ ಮುಗಿದ ಮೇಲೆ ಕೆಸರಿನಿಂದ ಮೀಥೇನ್ ಅನಿಲದ ಗುಳ್ಳೆಗಳು ಏಳತೊಡಗುತ್ತವೆ. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಭತ್ತದ ಬುಡವೊಂದು ಕೈಗೆ ಬಂದಾಗ ಅದರ ಬೇರುಗಳಿಗೆ ತುಕ್ಕಿನ ಬಣ್ಣ ಹತ್ತಿರುವುದನ್ನು ನೋಡಿಯೇ ಇರುತ್ತಾರೆ. ಭತ್ತವು ಎಲೆಯಿಂದ ಹೀರಿದ ಗಾಳಿಯನ್ನು ತನ್ನ ಟೊಳ್ಳುಕಾಂಡದ ಮೂಲಕ ಬೇರಿಗಿಳಿಸಿ ಸುತ್ತಲಿನ ಕೆಸರಿಗೆ ಬಿಟ್ಟುಕೊಟ್ಟುದರಿಂದ ಅಲ್ಲಿನ ಕಬ್ಬಿಣವು ತುಕ್ಕು ಹಿಡಿದಿರುತ್ತದೆ. ತಾವರೆಯ ದಂಟಿನ ತೂತುಗಳಿಗೂ ಆಪಿನ ಬೆಂಡಿಗೂ ಅದೇ ಉದ್ಯೋಗ. ಈ ವಿದ್ಯೆ ಬಾರದ ಗಿಡವು ಮುಳುಗಡೆಯಲ್ಲಿ ಬದುಕಲಾರದು. ಅಂತೆಯೇ, ಜೊಂಡಿನ ಜಾತಿಯ ಹಲವು ಗಿಡಗಳ ಬೀಜಗಳು ಆಳನೀರಿನ ಕೆಳಗೆ ಎಷ್ಟು ವರ್ಷವಿದ್ದರೂ ಮೊಳೆಯದೆ, ನೀರು ಇಳಿದು ತಳದ ಹೂಳು ಬಿರಿದಾಗ ಮಾತ್ರ ಕಣ್ದೆರೆಯುತ್ತವೆ. ಕೆರೆಯ ತಳವು ಸೀಳುಬಿಟ್ಟಿರುವ ಚಿತ್ರವನ್ನು ಬರಗಾಲದ ಸುದ್ದಿಗೆ ಅಚ್ಚುಹಾಕುವ ಪತ್ರಿಕೆಗಳು, ಆ ಸೀಳುಗಳೊಳಗೆ ಗಾಳಿಯು ಇಳಿಯುತ್ತಿರುವುದನ್ನೂ ವರ್ಷವಿಡೀ ಕೊಳೆಯದಿದ್ದ ಕಸವು ಗೊಬ್ಬರವಾಗುತ್ತಿರುವುದನ್ನೂ ಬರೆಯುವುದಿಲ್ಲ.

ನೀರನ್ನು ಹೆಚ್ಚಿಸಿಯೇ ಜೌಗನ್ನು ಕೆಡಿಸಬಹುದೆಂಬುದಕ್ಕೆ ಮಣಿಪುರದ ಲೋಕ್ತಾಕ್ ಸರೋವರದಷ್ಟು ಸ್ಫುಟವಾದ ನಿದರ್ಶನವು ನನಗೆ ಬೇರೊಂದು ತೋರುವುದಿಲ್ಲ. ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರವಾದ ಇದರ ಮೇಲೆ ‘ಫುಮ್ದಿ’ ಎಂಬ ತೇಲುನೆಲಗಳಿವೆ. ಹುಲ್ಲು, ಬೇರು, ಕೊಳೆತ ಎಲೆ, ಮಣ್ಣು ಇವೆಲ್ಲ ಹೆಣೆದುಕೊಂಡು ಕಂಬಳಿಯಂತೆ ಒತ್ತಾಗಿ, ಕೆಲವೆಡೆ ಗೇಣುದ್ದ, ಕೆಲವೆಡೆ ಆಳೆತ್ತರ ದಪ್ಪವಾಗಿ ಬೆಳೆದ ಈ ತೇಲುನೆಲದ ಐದರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲಿದ್ದು, ಉಳಿದ ನಾಲ್ಕು ಪಾಲು ಒಳಗೆ ಮುಳುಗಿರುತ್ತದೆ. ಇಂಥ ಫುಮ್ದಿಯ ಒಂದು ವಿಸ್ತಾರವೇ ಕೈಬುಲ್ ಲಾಮ್ಜಾವೋ. ಸುಮಾರು 40 ಚದರ ಕಿಲೋಮೀಟರಿನ ಈ ಪ್ರದೇಶವು 1977ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಂಗಾಯ್ ಎಂಬ ಜಿಂಕೆಗೆ ಕಾಡಿನಲ್ಲಿ ಉಳಿದಿರುವ ನೆಲೆ ಇದೊಂದೇ. ಈ ಶತಮಾನದ ನಡುಗಾಲಕ್ಕೆ... ಎಂದು ಹೇಳಹೊರಟೆ, ಕಳೆದ ಶತಮಾನವೆನ್ನಬೇಕು, ಅಭ್ಯಾಸ ಬಿಡದು. 1951ರಲ್ಲಿ ಆ ಪ್ರಾಣಿಯು ನಿರ್ನಾಮವಾಯಿತೆಂದು ಎಲ್ಲರೂ ನಂಬಿದ್ದರು. ಎರಡು ವರ್ಷಗಳ ತರುವಾಯ ಇ. ಪಿ. ಜೀ ಎಂಬ ನಿಸರ್ಗಪ್ರೇಮಿ ಅದನ್ನು ಮರಳಿ ಕಂಡರು, 1975ರ ಎಣಿಕೆಯಲ್ಲಿ ಸಿಕ್ಕಿದ್ದು 14, 2016ರಲ್ಲಿ 260. ಓಲಾಡುವ ನೆಲದ ಮೇಲೆ ಹೆಜ್ಜೆಯಿಡುವಾಗ ಅದು ಗೊರಸನ್ನಲ್ಲದೆ ಅದರ ಹಿಂದಿನ ಗಿಣ್ಣನ್ನೂ ಊರಿ ಭಾರವನ್ನು ಹರಡಿಕೊಳ್ಳುವುದರಿಂದ, ನಡೆಯುವುದೇ ನರ್ತಿಸಿದಂತೆ ಕಾಣುತ್ತದೆಯೆಂದು ನೋಡಿದವರು ಹೇಳುತ್ತಾರೆ.

ಫುಮ್ದಿಯು ಸದಾ ತೇಲುತ್ತಿರುವುದಲ್ಲ ಎಂಬುದು ಇಲ್ಲಿನ ಮರ್ಮ. ಮಳೆಗಾಲದಲ್ಲಿ ತೇಲುತ್ತಿದ್ದ ಅದು, ಚಳಿಗಾಲ ಕಳೆದು ಸರೋವರವು ಇಳಿದಾಗ ತಾನೂ ಇಳಿದು ತಳದ ಮಣ್ಣಿನ ಮೇಲೆ ಕೂರುತ್ತಿತ್ತು. ಕುಳಿತ ಆ ಕೆಲವು ವಾರಗಳಲ್ಲಿ ಅದರ ಹುಲ್ಲುಗಳು ಬೇರನ್ನು ತಳಕ್ಕಿಳಿಸಿ, ಸಾರವನ್ನುಂಡು, ಮೈದುಂಬಿಕೊಂಡು, ಮುಂದಿನ ಮಳೆಗೆ ಮತ್ತೆ ಮೇಲೇಳುತ್ತಿದ್ದವು. ವರ್ಷಕ್ಕೊಮ್ಮೆ ತವರಿಗೆ ಹೋಗಿ ಉಡಿ ತುಂಬಿಸಿಕೊಂಡು ಬರುವ ಮಗಳ ಹಾಗೆ. 1983ರಲ್ಲಿ, ವಿದ್ಯುತ್ತಿಗಾಗಿಯೂ ಏತ ನೀರಾವರಿಗಾಗಿಯೂ ಮಣಿಪುರ ನದಿಗೆ ಇಥಾಯ್ ಎಂಬಲ್ಲಿ ಅಡ್ಡಗಟ್ಟೆಯನ್ನು ಹಾಕಿ, ಸರೋವರದ ಮಟ್ಟವನ್ನು ವರ್ಷವಿಡೀ ಎತ್ತರದಲ್ಲಿ ನಿಲ್ಲಿಸಿದ್ದರಿಂದ, ಆ ತವರಿನ ದಾರಿ ಮುಚ್ಚಿಹೋಯಿತು. ನೀರಿಗೆ ಕೊರತೆಯಾಗಲಿಲ್ಲ, ಹೆಚ್ಚೇ ಆಯಿತು. ಆದರೆ ತಳವನ್ನು ಮುಟ್ಟಲಾರದ ಫುಮ್ದಿಯು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತ ಬಂದು, ಒಂದು ಕಾಲಕ್ಕೆ ಜಿಂಕೆಯ ಹಿಂಡನ್ನು ಹೊತ್ತ ನೆಲದಲ್ಲಿ ಒಂಟಿ ಜಿಂಕೆಯ ಕಾಲೂ ಕುಸಿಯತೊಡಗಿತು. ಅತ್ತ ಸರೋವರದ ತೆರೆದ ಭಾಗದಲ್ಲಿಯಾದರೋ, ಹೊರಗೆ ಹರಿದುಹೋಗಲು ದಾರಿಯಿಲ್ಲದ ತುಂಡುಫುಮ್ದಿಗಳು ಸೇರಿ ಸೇರಿ ಹರಡಿಕೊಂಡವು. ಉದ್ಯಾನದಲ್ಲಿ ಬೇಕಾದ ಕಡೆ ಸವೆತ, ಸರೋವರದಲ್ಲಿ ಬೇಡದ ಕಡೆ ಬೆಳೆತ. ಎರಡಕ್ಕೂ ಕಾರಣ ಒಂದೇ ಬಾಗಿಲು. ಐರಾವತಿಯ ಕಣಿವೆಯಿಂದ ಮೊಟ್ಟೆಯಿಡಲು ಏರಿಬರುತ್ತಿದ್ದ ಪೆಂಗ್ಬಾ ಮೀನು ಕಟ್ಟೆಯ ಕೆಳಗೇ ನಿಂತಿತು. ದಡದ ಹೊಲಗಳು ಮುಳುಗಿದವು. ರಾಮ್ಸರ್ ಪಟ್ಟಿಗೆ 1990ರಲ್ಲಿ ಸೇರಿದ ಲೋಕ್ತಾಕ್, ಮೂರೇ ವರ್ಷಗಳಲ್ಲಿ, ಅಪಾಯದಲ್ಲಿರುವ ತಾಣಗಳಿಗೆಂದು ಅದೇ ಒಪ್ಪಂದದವರು ಇಟ್ಟಿರುವ ಮಾಂಟ್ರೂ ದಾಖಲೆಗೆ ಸೇರಿತು.

ಪರಿಹಾರವೆಂದು ಯಂತ್ರಗಳನ್ನು ತಂದು ಫುಮ್ದಿಯನ್ನು ಎತ್ತಿ ಹೊರಹಾಕುವ ಕಾರ್ಯವು ಬಹುಕಾಲ ನಡೆಯಿತು. ಅದು ಅನಾವಶ್ಯಕವೆಂದು ನಾನು ಹೇಳೆನು. ಕದವು ಮುಚ್ಚಿದ್ದು ಮುಚ್ಚಿಯೇ ಇರುವಾಗ ಕಸವನ್ನು ಮಾತ್ರ ಗುಡಿಸುತ್ತಿದ್ದರೆ ಗುಡಿಸುವುದೊಂದು ಶಾಶ್ವತ ಉದ್ಯೋಗವಾಗುತ್ತದೆಯೆಂದಷ್ಟೇ ನನ್ನ ಅಭಿಪ್ರಾಯ. ವಿದ್ಯುತ್ತೂ ಬೇಕು, ಜಿಂಕೆಯೂ ಬೇಕು ಎಂಬವರು ಕೊನೆಗೆ ಬಂದು ನಿಲ್ಲಬೇಕಾದದ್ದು ಒಂದು ಪಂಚಾಂಗದ ಮುಂದೆ: ಯಾವ ತಿಂಗಳಲ್ಲಿ ಬಾಗಿಲನ್ನು ಎಷ್ಟು ಎತ್ತಬೇಕು, ಎಷ್ಟು ದಿನ ತಳವನ್ನು ಕಾಣಿಸಬೇಕು, ಅದರಿಂದ ಎಷ್ಟು ಯೂನಿಟ್ಟು ನಷ್ಟವಾದೀತು, ಆ ನಷ್ಟವನ್ನು ಯಾರು ಹೊರಬೇಕು.

ನೀರಿನ ಕಾಲವನ್ನಷ್ಟೇ ಅಲ್ಲದೆ ಅದು ಬಂದ ದಾರಿಯನ್ನೂ ಕೇಳಬೇಕೆಂಬುದನ್ನು ರಾಜಸ್ಥಾನದ ಭರತಪುರವು ಕಲಿಸಿತು. ಅಲ್ಲಿಯ ಕೇವಲಾದೇವ ಪಕ್ಷಿಧಾಮವು ಅಡವಿಯಲ್ಲ. ತಗ್ಗುನೆಲಕ್ಕೆ ಅಜಾನ್ ಕಟ್ಟೆಯ ನೀರನ್ನು ತಿರುಗಿಸಿ, ಸಣ್ಣ ಸಣ್ಣ ಏರಿಗಳಿಂದ ಪಾತಿ ಮಾಡಿ, ಅರಸರು ಬೇಟೆಗೆಂದು ಸಿದ್ಧಪಡಿಸಿಕೊಂಡದ್ದು. ಸುಮಾರು 29 ಚದರ ಕಿಲೋಮೀಟರಿನ ಈ ಕೃತಕ ಜೌಗು 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೇರಿತು. ಮೇಲ್ಗಡೆ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಬಂದ ಮೇಲೆ, ಅದರ ನೀರು ತಮ್ಮ ಹೊಲಗಳಿಗೇ ಸಲ್ಲಬೇಕೆಂದು ಆ ಭಾಗದ ರೈತರು ಪಟ್ಟುಹಿಡಿದದ್ದರಿಂದ ಭರತಪುರಕ್ಕೆ ಬರಗಾಲ ಬಂತು; ಕೊನೆಗೆ ಕಾಲುವೆಯಿಂದಲೂ ಕೊಳವೆಯಿಂದಲೂ ದೂರದ ನೀರನ್ನು ತಂದು ತುಂಬಿಸಿದರು. ಆದರೆ ನದಿಯ ನೆರೆಯು ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಸಾವಿರಾರು ಮೀನುಮರಿಗಳನ್ನೂ ಬೀಜಗಳನ್ನೂ ಹೊತ್ತು ತರುತ್ತಿತ್ತು, ಮತ್ತು ಮರದ ಮೇಲೆ ಗೂಡುಕಟ್ಟುವ ಕೊಕ್ಕರೆ ಬೆಳ್ಳಕ್ಕಿಗಳ ಮರಿಗಳಿಗೆ ಅದೇ ಆಹಾರ. ಕೊಳವೆಯ ನೀರಿಗೆ ಆ ಔದಾರ್ಯವಿಲ್ಲ. ಸೈಬೀರಿಯದ ಬಿಳಿಯ ಕ್ರೌಂಚಗಳ ಕೊನೆಯ ಜೋಡಿ ಅಲ್ಲಿ ಕಂಡದ್ದು 2001-02ರ ಚಳಿಗಾಲದಲ್ಲಿ. ಆದರೆ ಅದಕ್ಕೆ ಭರತಪುರದ ನೀರೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ, ಹಾರಿಬರುವ ಹಾದಿಯುದ್ದಕ್ಕೂ ಬಂದೂಕುಗಳಿದ್ದವು.

ಮಾಡಿದ ತಪ್ಪನ್ನು ಒಪ್ಪಿಕೊಂಡು ಅದೇ ಕೈಯಿಂದ ಅಳಿಸಿದವರ ಕಥೆ ಅಮೆರಿಕದ ಫ್ಲಾರಿಡಾದಲ್ಲಿದೆ. 166 ಕಿಲೋಮೀಟರು ಬಳುಕಿ ಬಳುಕಿ ಹರಿಯುತ್ತಿದ್ದ ಕಿಸಿಮ್ಮಿ ನದಿಯನ್ನು, ನೆರೆಯ ಭಯದಿಂದ, ಅಲ್ಲಿಯ ಸೇನೆಯ ಎಂಜಿನಿಯರುಗಳು 1962ರಿಂದ 1971ರವರೆಗೆ ದುಡಿದು 90 ಕಿಲೋಮೀಟರಿನ, 9 ಮೀಟರು ಆಳದ ನೆಟ್ಟನೆಯ ಕಾಲುವೆಯಾಗಿ ಮಾಡಿದರು. ನೆರೆ ನಿಂತಿತು; ನೆರೆಯನ್ನು ನಂಬಿದ್ದ ಇಕ್ಕೆಲದ ಜೌಗೂ ನಿಂತುಹೋಯಿತು; ಚಳಿಗಾಲಕ್ಕೆ ಬರುತ್ತಿದ್ದ ಬಾತುಗಳಲ್ಲಿ ನೂರಕ್ಕೆ ತೊಂಬತ್ತು ಬಾರದಾದವು. 1992ರಲ್ಲಿ ಅಲ್ಲಿಯ ಸಂಸತ್ತು ಪುನಶ್ಚೇತನಕ್ಕೆ ಒಪ್ಪಿಗೆಯಿತ್ತಿತು. 1999ರಲ್ಲಿ ಆರಂಭಿಸಿ 2021ರಲ್ಲಿ ಮುಗಿಸಿದ ಆ ಕಾರ್ಯದಲ್ಲಿ, ದಡದಲ್ಲಿ ರಾಶಿಬಿದ್ದಿದ್ದ ಅಗೆದ ಮಣ್ಣನ್ನೇ ನೂಕಿ ಸುಮಾರು 35 ಕಿಲೋಮೀಟರು ಕಾಲುವೆಯನ್ನು ಮುಚ್ಚಿದರು. ಸುಮಾರು ನೂರು ಕೋಟಿ ಡಾಲರು ಹಿಡಿಯಿತು. ನನಗೆ ಮೆಚ್ಚುಗೆಯಾದದ್ದು ಈ ಭಾರಿ ಮೊತ್ತವಲ್ಲ. ನದಿಯ ಹಳೆಯ ಸುತ್ತುಗಳಲ್ಲಿ ಮೂವತ್ತು ವರ್ಷ ಕೊಳೆತು ಕೂತಿದ್ದ ಕಪ್ಪು ಕೆಸರನ್ನು ಯಾರೂ ಗುದ್ದಲಿಯಿಂದ ಎತ್ತಲಿಲ್ಲ, ಹರಿವು ಮರಳಿ ಬಂದಾಗ ತಾನಾಗಿಯೇ ತೊಳೆದುಹೋಗಿ ಅಡಿಯ ಬಿಳಿಯ ಮರಳು ಕಂಡಿತು. ಹೊಲಗಳನ್ನು ಕೊಂಡು ನದಿಗೆ ಬಿಟ್ಟುಕೊಡಬೇಕಾಯಿತು, ಮೇಲಿನ ಸರೋವರಗಳಿಂದ ನೀರು ಬಿಡುವ ವೇಳಾಪಟ್ಟಿಯನ್ನು ಋತುವಿಗೆ ಹೊಂದುವಂತೆ ತಿದ್ದಬೇಕಾಯಿತು. ಮಿಕ್ಕದ್ದನ್ನು ನೀರೇ ನೋಡಿಕೊಂಡಿತು.

ಇನ್ನು ನಮ್ಮ ಬೆಂಗಳೂರು. ಅದರ ಕೆರೆಗಳಿಗೆ ಒಂದು ಕಾಲಕ್ಕೆ ಮಳೆಯ ಹೊರತು ಬೇರೆ ಗತಿಯಿರಲಿಲ್ಲ; ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುತ್ತ, ಯುಗಾದಿಯ ಹೊತ್ತಿಗೆ ಹಲವು ಕೆರೆಗಳು ಬತ್ತಿ, ರೈತರು ಗಾಡಿಕಟ್ಟಿಕೊಂಡು ಬಂದು ಗೋಡುಮಣ್ಣನ್ನು ಹೊಲಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಈಗ ಅವುಗಳಿಗೆ ಬೇಸಿಗೆಯೆಂಬುದೇ ಇಲ್ಲ. ನಗರದ ಬಚ್ಚಲುನೀರು ಮುನ್ನೂರ ಅರವತ್ತೈದು ದಿನವೂ ಬರುತ್ತದೆ. ಬೆಳ್ಳಂದೂರಿನ ಸುಮಾರು 900 ಎಕರೆಯ ಕೆರೆಯಲ್ಲಿ, ಸಾಬೂನಿನ ಪುಡಿಗಳ ಶೇಷವು ತಳದ ಹೂಳಿನಲ್ಲಿ ವರ್ಷಾನುಗಟ್ಟಲೆ ಶೇಖರವಾಗಿ, ಮೊದಲ ಬಿರುಮಳೆಯು ಅದನ್ನು ಕಲಕಿ, ಕಲಕಿದ ನೀರು ಕೋಡಿಯಿಂದ ಧುಮುಕಿ ಮಜ್ಜಿಗೆ ಕಡೆದಂತೆ ಕಡೆಯಲ್ಪಟ್ಟು ಎದ್ದ ನೊರೆಯು ರಸ್ತೆಗೆ ಹಾರಿದ್ದನ್ನೂ, 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿದ್ದನ್ನೂ ಲೋಕವೆಲ್ಲ ನೋಡಿತು. ನೊರೆ ಮಾತ್ರ ಅದ್ಭುತವೆಂದುಕೊಂಡರು. ಬೇಸಿಗೆಯನ್ನು ಕಳೆದುಕೊಂಡ ಕೆರೆಯೊಂದು ಹೇಗಿರಬೇಕೋ ಹಾಗಿತ್ತು.

ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವ ಕಾರ್ಯಗಳಲ್ಲಿ ನನಗೆ ಅತಿ ವ್ಯಥೆಯುಂಟುಮಾಡುವುದು ಅಂಚನ್ನು ಕಡಿಯುವುದು. ಕೆರೆಯ ಸುತ್ತ ಕಾಲುದಾರಿಗಾಗಿ ಏರಿಯೆಬ್ಬಿಸಿ, ಅಂಗಳವನ್ನೆಲ್ಲ ಒಂದೇ ಸಮನೆ ಆಳಕ್ಕೆ ತೋಡಿ, ತಟ್ಟೆಯಂತಿದ್ದುದನ್ನು ಬಟ್ಟಲಿನಂತೆ ಮಾಡಿದರೆ ಹೆಚ್ಚು ನೀರೇನೋ ಹಿಡಿಯುತ್ತದೆ. ಆದರೆ ಮೆಟ್ಟುಗಾಲು ಹಕ್ಕಿಗೆ ಬೇಕಾದದ್ದು ನಾಲ್ಕು ಬೆರಳಿನ ನೀರು. ಅದರ ಕೆಂಪು ಕಾಲುಗಳು ಎಷ್ಟುದ್ದವೋ ಅಷ್ಟೇ ಅದರ ಪ್ರಪಂಚ. ಬಟ್ಟಲಿನ ಕಡಿದಾದ ಅಂಚಿನಲ್ಲಿ ಆ ಪ್ರಪಂಚದ ಅಗಲ ಒಂದು ಮೊಳವೂ ಇರುವುದಿಲ್ಲ. ಜಕ್ಕೂರಿನ ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ನೇರವಾಗಿ ನುಗ್ಗಿಸದೆ, ಮೊದಲು ಆಪುಜೊಂಡುಗಳ ತೆಳುನೀರಿನ ಜೌಗಿನಲ್ಲಿ ನಿಧಾನವಾಗಿ ನಡೆಸಿ ಒಳಗೆ ಬಿಡುತ್ತಾರೆ; ಅಲ್ಲಿ ನಿಂತು ನೋಡಿದವರಿಗೆ, ಅವಸರವಿಲ್ಲದ ನೀರು ಎಷ್ಟು ಕೆಲಸ ಮಾಡಬಲ್ಲದೆಂಬುದು ಅರ್ಥವಾಗುತ್ತದೆ. ಇದೇ ನಗರದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಏರುತ್ತಿದೆ. ಬತ್ತಿದ ಕೊಳವೆಬಾವಿಗಳ ನಾಡಿನಲ್ಲಿ ತುಂಬಿದ ಕೆರೆಯನ್ನು ಕಂಡು ಹಿಗ್ಗುವವರನ್ನು ನಾನು ಆಕ್ಷೇಪಿಸಲಾರೆ. ಸದಾ ತುಂಬಿರುವ ಆ ಕೆರೆಯು ಹಳೆಯ ಮಳೆಗೆರೆಯಲ್ಲ, ಅಂತರ್ಜಲಕ್ಕೆ ನೀರೂಡಿಸುವ ಬೇರೊಂದು ಪದಾರ್ಥ, ಅದರ ಹೂಳನ್ನೂ ನೀರನ್ನೂ ಬೇರೊಂದೇ ಬಗೆಯಲ್ಲಿ ಕಾಯಬೇಕಾದೀತು ಎಂಬುದನ್ನು ಮಾತ್ರ ಬರೆದಿಡಬೇಕೆನಿಸುತ್ತದೆ.

ನಮ್ಮೂರಿನ ಕಲ್ಲಿನ ಜಗಳಕ್ಕೆ ಕಡೆಗೊಂದು ವರ್ಷ ಹಿರಿಯರು ಕೂತು ತೀರ್ಮಾನ ಮಾಡಿದರು. ಹಿನ್ನೀರಿನವರು ಆ ಪಟ್ಟಿಯಲ್ಲಿ ಕಾರು ರಾಗಿಯನ್ನು ಮಾತ್ರ ಬಿತ್ತತಕ್ಕದ್ದು; ಅದರ ಕೊಯ್ಲಾಗಿ, ಚಿತ್ತೆ ಮಳೆ ಹುಟ್ಟಿದ ದಿನ, ಎರಡು ಹಳ್ಳಿಗಳಿಂದಲೂ ಇಬ್ಬಿಬ್ಬರು ಬಂದು ಕಲ್ಲನ್ನು ಕಂಡಿಗೆ ಕೂರಿಸತಕ್ಕದ್ದು; ಮತ್ತೆ ಮುಂಗಾರಿಗೆ ಮುಂಚೆ ಅದೇ ನಾಲ್ವರು ತೆಗೆದಿಡತಕ್ಕದ್ದು. ಹೀಗೆ ಬಹುವರ್ಷ ನಡೆಯಿತು. ಮಾಗಿಯ ಕೊನೆಗೆ ನೀರು ಹಿಂಜರಿಯುತ್ತಿದ್ದಂತೆ ಆ 300 ಅಡಿಯ ಹಸಿನೆಲದಲ್ಲಿ ಉಲ್ಲಂಕಿಗಳು ಓಡಾಡುತ್ತಿದ್ದುದನ್ನೂ, ಅವುಗಳ ಹಿಂದೆ ನಮ್ಮ ಎಮ್ಮೆಗಳು ಎಳೆಹುಲ್ಲಿಗೆ ಬಾಯಿಹಾಕುತ್ತಿದ್ದುದನ್ನೂ ನಾನು ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ, ಯಾವುದೋ ಯೋಜನೆಯಲ್ಲಿ ಕೋಡಿಯನ್ನು ಕಾಂಕ್ರೀಟಿನಿಂದ ಹೊಸದಾಗಿ ಕಟ್ಟಿ, ಒಂದು ಅಡಿ ಎತ್ತರಿಸಿ, ಕಂಡಿಯನ್ನು ಮುಚ್ಚಿಬಿಟ್ಟಿದ್ದರು. ಹಿನ್ನೀರಿನ ಪಟ್ಟಿಯಲ್ಲಿ ರಾಗಿಯೂ ಇರಲಿಲ್ಲ, ಉಲ್ಲಂಕಿಯೂ ಇರಲಿಲ್ಲ. ಮೊಣಕಾಲುದ್ದ ಕಪ್ಪುನೀರಿನಲ್ಲಿ ಹೊಂಗೆಯ ಮರಗಳೆರಡು ನಿಂತಲ್ಲಿಯೇ ಒಣಗಿದ್ದವು. ಹಳೆಯ ಕಲ್ಲನ್ನು ಹುಡುಕಿದೆ. ಏರಿಯ ಕೆಳಗೆ, ತೂಬಿನ ಬಾಯಲ್ಲಿ, ಹೆಣ್ಣುಮಗಳೊಬ್ಬಳು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕೈಗುಳಿಯೊಂದರಲ್ಲಿ ಸಾಬೂನಿನ ತುಂಡನ್ನು ಇಟ್ಟಿದ್ದಳು.